‘ಆ ಲೇಖನದಲ್ಲಿ ನಾನೆಲ್ಲಿದ್ದೇನೆ?’

ಪತ್ರ: ಕಳೆದ ಸಂಚಿಕೆಯ ಋತುಬಂಧದ ಲೇಖನದಲ್ಲಿ ಮಾತುಮಾತಿಗೂ ‘ಸಹೋದರಿಯರೇ’ ಎಂದಿದೆ. ನಾನು ಟ್ರಾನ್ಸ್ ಪುರುಷ, ಅಂದರೆ ಹುಟ್ಟಿದಾಗ ಹೆಣ್ಣೆಂದು ಬರೆಸಿಕೊಂಡು ಗಂಡಾಗಿ ಬಾಳುತ್ತಿರುವವನು. ವಯಸ್ಸು 46. ಹಣ ಹೊಂದಿಸಲಾಗದೆ ಗಂಡು ಹಾರ್ಮೋನಾದ ಟೆಸ್ಟೋಸ್ಟಿರಾನ್ ಚುಚ್ಚುಮದ್ದು ಬಿಟ್ಟು ಒಂದೂವರೆ ವರ್ಷವಾಯಿತು. ನಿಂತಿದ್ದ ಮುಟ್ಟು ಅಡ್ಡಾದಿಡ್ಡಿಯಾಗಿ ಮರಳಿದೆ. ರಾತ್ರಿ ಅಂಗಿ ತೊಯ್ಯುವಷ್ಟು ಬೆವರು. ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತದೆ. ಭಾರ ಎತ್ತುವ ವ್ಯಾಯಾಮ ಮಾಡಬಹುದೇ? ಜಿಮ್‌ನಲ್ಲಿ ಕೇಳಿದ ಮೊದಲ ಪ್ರಶ್ನೆ: ಲೇಡೀಸ್ ಬ್ಯಾಚೋ, ಜೆಂಟ್ಸ್ ಬ್ಯಾಚೋ? ಆ ಲೇಖನದಲ್ಲಿ ನಾನೆಲ್ಲಿದ್ದೇನೆ?
– ಹೆಸರು ಬೇಡ, ದಾವಣಗೆರೆ

ಆತ್ಮೀಯರೇ,

ಆ ಲೇಖನದಲ್ಲಿ ನೀವು ಇರಲಿಲ್ಲ. ಅದನ್ನು ತಿದ್ದಿ ಅಚ್ಚಿಗೆ ಕಳಿಸಿದವನು ನಾನು. ತಪ್ಪು ನನ್ನದು, ಕ್ಷಮಿಸಿ. ಅಂಡಾಶಯವಿರುವ ಯಾರಿಗೇ ಆದರೂ, ಹೆಣ್ಣಾಗಿ ಬಾಳಲಿ, ಗಂಡಾಗಿ ಬಾಳಲಿ, ಎರಡೂ ಅಲ್ಲದೆ ಬಾಳಲಿ, ಈ ಕಾಲ ಬಂದೇ ಬರುತ್ತದೆ.

ಮಾಡಬಹುದೇ ಎಂದು ಕೇಳಿದ್ದೀರಿ. ಮಾಡಲೇಬೇಕು ಎನ್ನುತ್ತೇನೆ. ಅಂಡಾಶಯ ಸ್ರವಿಸುವ ಈಸ್ಟ್ರೊಜೆನ್ ಹಾರ್ಮೋನ್ ಇಳಿದಂತೆ ಮೂಳೆ ಕಟ್ಟುವುದಕ್ಕಿಂತ ಸವೆಯುವುದೇ ಹೆಚ್ಚಾಗುತ್ತದೆ. ಚುಚ್ಚುಮದ್ದು ಇದ್ದಾಗ ಟೆಸ್ಟೋಸ್ಟಿರಾನಿನ ಒಂದು ಪಾಲು ದೇಹದೊಳಗೇ ಈಸ್ಟ್ರೊಜೆನ್ ಆಗಿ ಮಾರ್ಪಟ್ಟು ನಿಮ್ಮ ಮೂಳೆಯನ್ನು ಕಾಯುತ್ತಿತ್ತು. ಈಗ ಆ ಕಾವಲು ಇಲ್ಲ, ಅಂಡಾಶಯದ ಕೆಲಸವೂ ಏರುಪೇರಾಗಿದೆ. ಅಂಡಾಶಯ ತೆಗೆಸಿಕೊಂಡು ಹಾರ್ಮೋನನ್ನೂ ಬಿಟ್ಟವರಿಗೆ ಅಪಾಯ ಇನ್ನೂ ಹೆಚ್ಚು. ನಮ್ಮ ಮಂಗಳಮುಖಿ ಓದುಗರೂ ಇದನ್ನು ಗಮನಿಸಬೇಕು: ಮುಟ್ಟು ನಿಲ್ಲುವ ಕಾಲ ಅವರಿಗಿಲ್ಲ, ಆದರೆ ವೃಷಣ ತೆಗೆಸಿಕೊಂಡು ಹಾರ್ಮೋನ್ ಇಲ್ಲದೆ ವರ್ಷಗಟ್ಟಲೆ ಇದ್ದರೆ ಅವರ ಮೂಳೆಯೂ ಹೀಗೆಯೇ ಸವೆಯುತ್ತದೆ.

ಆಸ್ಟ್ರೇಲಿಯಾದ ಲಿಫ್ಟ್‌ಮೋರ್ ಅಧ್ಯಯನದಲ್ಲಿ ಋತುಬಂಧ ದಾಟಿದ, ಮೂಳೆ ತೆಳುವಾಗಿದ್ದ ಮಹಿಳೆಯರು ತರಬೇತುದಾರರ ಕಣ್ಣೆದುರಿನಲ್ಲಿ ವಾರಕ್ಕೆ ಎರಡು ಸಲ, ಅರ್ಧ ಅರ್ಧ ಗಂಟೆ, 8 ತಿಂಗಳು ಭಾರವನ್ನೇ ಎತ್ತಿದರು. ಅವರ ಬೆನ್ನುಮೂಳೆ ಗಟ್ಟಿಯಾಯಿತು. ಭಾಗವಹಿಸಿದವರು ಮಹಿಳೆಯರು ನಿಜ. ಆದರೆ ಭಾರ ಬಿದ್ದಲ್ಲಿ ಗಟ್ಟಿಯಾಗುವುದು ಎಲ್ಲರ ಮೂಳೆಯ ಗುಣ.

ಜಿಮ್ ಸಿಗುವವರೆಗೆ ಕಾಯಬೇಡಿ. ಐದು ಲೀಟರಿನ ಖಾಲಿ ಎಣ್ಣೆ ಕ್ಯಾನ್ ಎರಡು ತನ್ನಿ, ನೀರು ತುಂಬಿ. ಕೈಗೊಂದು, ಐದೈದು ಕಿಲೋ. ಗೋಡೆಗೆ ಬೆನ್ನು ಮಾಡಿ ಒಂದು ಗೇಣು ದೂರ ನಿಲ್ಲಿ. ಮಂಡಿ ಸ್ವಲ್ಪ ಮಡಿಸಿ, ಬೆನ್ನು ಬಾಗದಂತೆ ಕುಂಡಿಯನ್ನು ಹಿಂದಕ್ಕೆ ತಳ್ಳುತ್ತಾ ಗೋಡೆ ಮುಟ್ಟಿಸಿ. ಕ್ಯಾನ್‌ಗಳು ತೊಡೆ ಸವರಿಕೊಂಡು ಮಂಡಿಯವರೆಗೆ ಇಳಿಯಲಿ. ತೊಡೆಯ ಹಿಂಭಾಗ ಬಿಗಿದರೆ ಸರಿಯಾಗಿದೆ, ಸೊಂಟ ನೊಂದರೆ ತಪ್ಪಾಗಿದೆ. ಎಂಟು ಸಲ, ಮೂರು ಸುತ್ತು. ಜಗುಲಿಯ ಮೇಲೆ ಕುಳಿತು ಕೈ ಊರದೆ ಏಳುವುದನ್ನೂ ಸೇರಿಸಿ, ತೊಡೆಯ ನಡುಕಕ್ಕೆ ಅದೇ ಮದ್ದು. ಇದು ಹಗುರವೆನಿಸಿದ ದಿನ ನೀರು ಚೆಲ್ಲಿ ಮರಳು ತುಂಬಿ. ಎಂದೂ ಹೆಚ್ಚದ ಭಾರದಿಂದ ಮೂಳೆಗೆ ಲಾಭವಿಲ್ಲ. ಊಟದಲ್ಲಿ ಬೇಳೆ, ಹುರುಳಿ, ಮೊಟ್ಟೆ ಹೆಚ್ಚಲಿ.

ಎದೆಯನ್ನು ಚಪ್ಪಟೆಯಾಗಿ ಕಾಣಿಸುವ ಬಿಗಿ ಉಡುಪು, ಬೈಂಡರ್, ಕಟ್ಟಿಕೊಂಡು ದಯವಿಟ್ಟು ಭಾರ ಎತ್ತಬೇಡಿ. ಎತ್ತುವ ಮುನ್ನ ಉಸಿರು ತುಂಬಿಕೊಳ್ಳಬೇಕು. ಬೈಂಡರ್ ಅದಕ್ಕೆ ಬಿಡುವುದಿಲ್ಲ, ಪಕ್ಕೆಲುಬಿಗೂ ನೋವು. ಅಷ್ಟು ಹೊತ್ತು ಬಿಗಿ ಬನಿಯನ್ ಮೇಲೆ ಸಡಿಲವಾದ ಕಪ್ಪು ಅಂಗಿ ಸಾಕು. ಇದು ಸುಲಭವಲ್ಲ ಎಂಬುದು ನನಗೆ ಅರ್ಥವಾಗುತ್ತದೆ. ಬಾಗಿಲು ಹಾಕಿಕೊಂಡು ಮನೆಯಲ್ಲೇ ಆರಂಭಿಸಿ ಎಂದದ್ದು ಅದಕ್ಕೇ.

ಮುಟ್ಟು ಏರುಪೇರಾಗಿರುವುದನ್ನು ಮಾತ್ರ ವೈದ್ಯರಿಗೆ ತೋರಿಸಿ. ಅದು ವಯಸ್ಸಿನದೋ, ಮದ್ದು ಬಿಟ್ಟಿದ್ದರದೋ, ಬೇರೆಯೋ ಅವರೇ ಹೇಳಬೇಕು. ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆ ಬೇಕೇ ಎಂದೂ ಕೇಳಿ. ಮುಟ್ಟು ಹನ್ನೆರಡು ತಿಂಗಳು ಪೂರ್ತಿ ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡಬೇಡಿ.

ಇನ್ನು ಬ್ಯಾಚಿನ ಪ್ರಶ್ನೆ. ಸಾರ್ವಜನಿಕರಿಗೆ ತೆರೆದಿರುವ ಸೌಲಭ್ಯದಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಭೇದ ಮಾಡಬಾರದೆಂದು 2019ರ ಕಾಯ್ದೆಯೇ ಹೇಳುತ್ತದೆ. ಕಾಯ್ದೆ ಹಿಡಿದು ಜಗಳಕ್ಕೆ ಹೋಗುವಷ್ಟು ತ್ರಾಣ ಎಲ್ಲ ದಿನವೂ ಇರುವುದಿಲ್ಲ. ಹಾಗಿದ್ದರೆ ಜಿಮ್ ಖಾಲಿ ಇರುವ ಮಧ್ಯಾಹ್ನದ ಹೊತ್ತನ್ನು ಕೇಳಿ ನೋಡಿ. ನಿಮ್ಮೂರಿನ ಜಿಮ್ ನಡೆಸುವ ಯಾರಾದರೂ ಇದನ್ನು ಓದುತ್ತಿದ್ದರೆ ನಮ್ಮ ಕಚೇರಿಗೆ ಒಂದು ಕಾರ್ಡು ಬರೆಯಲಿ, ನಿಮಗೆ ತಲುಪಿಸುತ್ತೇನೆ.

– ಸಂಪಾದಕ