ಓದುಗರ ಪ್ರಶ್ನೆ: ಮೌತ್ ಆರ್ಗನ್‌ನಲ್ಲಿ ಸರಳೆ ವರಸೆ ನುಡಿಸಬಹುದೇ?

ಪ್ರಶ್ನೆ: ವಯಸ್ಸು 52, ಸಂಗೀತದ ಗಂಧಗಾಳಿ ಇಲ್ಲ. ಅಂಗಡಿಯವರು 24 ತೂತಿನ ಮೌತ್ ಆರ್ಗನ್ ತಗೊಳ್ಳಿ ಎನ್ನುತ್ತಾರೆ. ತಗೊಳ್ಳಲೇ? – ಓದುಗರು, ತಿಪಟೂರು

ಉತ್ತರ: ಬೇಡ. ಅದು ಟ್ರೆಮೊಲೊ. ಒಂದೊಂದು ಸ್ವರಕ್ಕೂ ಎರಡೆರಡು ರೀಡ್ (ಗಾಳಿಗೆ ಕಂಪಿಸಿ ಸದ್ದು ಮಾಡುವ ತೆಳು ಲೋಹದ ಪಟ್ಟಿ), ಎರಡರ ಶ್ರುತಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಆ ಕಂಪಿಸುವ ನಾದ ಬರುವುದು ಅದರಿಂದಲೇ. ಕೇಳಲು ಇಂಪು, ಆದರೆ ಸ್ವರ ಬೆಂಡ್ ಮಾಡಲು, ಅಂದರೆ ಉಸಿರು-ನಾಲಗೆಯಿಂದ ಸ್ವರವನ್ನು ಕೆಳಕ್ಕೆ ಬಾಗಿಸಲು, ಅದು ಒಗ್ಗುವುದಿಲ್ಲ. 10 ತೂತಿನ ಡಯಾಟೋನಿಕ್ (ಒಂದೇ ಶ್ರುತಿಯ ಏಳು ಸ್ವರಗಳಿಗೆ ಜೋಡಿಸಿದ್ದು) ಕೊಳ್ಳಿ. ಶ್ರುತಿ ಸಿ, ಒಳಗಿನ ಬಾಡಿ ಪ್ಲಾಸ್ಟಿಕ್ ಇರಲಿ. ಮರದ್ದಾದರೆ ಎಂಜಲಿನ ತೇವಕ್ಕೆ ಉಬ್ಬಿ ತುಟಿ ತರಚುತ್ತದೆ. ಆಟಿಕೆ ಅಂಗಡಿಯದಂತೂ ಬೇಡವೇ ಬೇಡ, ಅದರಲ್ಲಿ ಗಾಳಿ ಸೋರುತ್ತದೆ.

ಪ್ರಶ್ನೆ: ಒಂದು ತೂತು ಊದಿದರೆ ಎರಡು ಮೂರು ಸ್ವರ ಒಟ್ಟಿಗೆ ಬರುತ್ತವೆ. 2ನೇ ತೂತಿನಲ್ಲಿ ಉಸಿರೆಳೆದರೆ ಸದ್ದೇ ಇಲ್ಲ. ವಾದ್ಯ ಕೆಟ್ಟಿದೆಯೇ? – ಓದುಗರು, ಶಿರಸಿ

ಉತ್ತರ: ಬಹುಮಟ್ಟಿಗೆ ಇಲ್ಲ. ತುಟಿಯ ತುದಿಯಲ್ಲಷ್ಟೇ ವಾದ್ಯ ಮುಟ್ಟಿಸಿಕೊಂಡು ತುಟಿ ಬಿಗಿದರೆ ಪಕ್ಕದ ತೂತುಗಳಿಗೂ ಗಾಳಿ ನುಗ್ಗುತ್ತದೆ. ವಾದ್ಯವನ್ನು ತುಟಿಗಳ ಒಳಭಾಗಕ್ಕೆ ತಾಗುವಷ್ಟು ಒಳಗಿಡಿ, ಹಿಂಬದಿಯನ್ನು ತುಸು ಮೇಲಕ್ಕೆತ್ತಿ. 3 ಮತ್ತು 5ನೇ ತೂತುಗಳನ್ನು ಎರಡು ತೋರುಬೆರಳಿನಿಂದ ಮುಚ್ಚಿ 4ನ್ನು ಊದಿದರೆ ಒಂಟಿ ಸ್ವರ ಹೇಗಿರುತ್ತದೆಂದು ಕಿವಿಗೆ ಗೊತ್ತಾಗುತ್ತದೆ. ಆಮೇಲೆ ಬೆರಳು ತೆಗೆದು ಅದೇ ಸದ್ದು ಬರುವವರೆಗೆ ತುಟಿ ಹೊಂದಿಸಿ.

2ನೇ ತೂತು ಎಲ್ಲ ಹೊಸಬರನ್ನೂ ಕಾಡುತ್ತದೆ. ಜೋರಾಗಿ ಎಳೆದಷ್ಟೂ ರೀಡ್ ಉಸಿರುಗಟ್ಟಿದಂತೆ ನಿಲ್ಲುತ್ತದೆ. ದವಡೆ ಇಳಿಸಿ, ನಾಲಗೆಯನ್ನು ಕೆಳಗೆ ಮಲಗಿಸಿ, ಆಕಳಿಕೆಯ ಆರಂಭದಂತೆ ಮೆಲ್ಲಗೆ ಉಸಿರೆಳೆಯಿರಿ. ಪರೀಕ್ಷೆ ಸುಲಭ: 3ನ್ನು ಊದಿದಾಗ, 2ನ್ನು ಎಳೆದಾಗ ಬರುವುದು ಒಂದೇ ‘ಪ’. ಎಳೆದದ್ದು ತಗ್ಗಿ ಕೇಳಿದರೆ ನಿಮಗರಿವಿಲ್ಲದೆ ಬೆಂಡ್ ಮಾಡುತ್ತಿದ್ದೀರಿ ಎಂದರ್ಥ. ತಲೆ ಸುತ್ತಿದರೆ ತಕ್ಷಣ ನಿಲ್ಲಿಸಿ. ಅದು ಊದುವ ಅಬ್ಬರ ಹೆಚ್ಚಾದದ್ದರ ಗುರುತು.

ಪ್ರಶ್ನೆ: ಮಗಳು ಹಾಡುಗಾರಿಕೆ ಕಲಿಯುತ್ತಿದ್ದಾಳೆ. ಅವಳ ಸರಳೆ ವರಸೆಯನ್ನು (ಕರ್ನಾಟಕ ಸಂಗೀತದ ಮೊದಲ ಸ್ವರಪಾಠ) ಇದರಲ್ಲಿ ನುಡಿಸಬಹುದೇ? – ಓದುಗರು, ಮೈಸೂರು

ಉತ್ತರ: ಮೊದಲಿಗೆ ಶಂಕರಾಭರಣ ರಾಗದ ಸ್ವರಗಳಲ್ಲಿ ನುಡಿಸಿ. ಸ 4 ಊದಿ, ರಿ 4 ಎಳೆದು, ಗ 5 ಊದಿ, ಮ 5 ಎಳೆದು, ಪ 6 ಊದಿ, ದ 6 ಎಳೆದು. ಇಲ್ಲಿಂದ ಮುಂದೆ ಕ್ರಮ ತಿರುವುಮುರುವು: ನಿ 7 ಎಳೆದು, ಮೇಲಿನ ಸ 7 ಊದಿ. ದ, ನಿ ಎರಡನ್ನೂ ಒಂದೇ ಉಸಿರಿನಲ್ಲಿ ಎಳೆಯಬೇಕು. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ 6–7ರ ನಡುವೆಯೇ ಹತ್ತಾರು ಸಲ ಓಡಾಡಿ. 1ರಿಂದ 3ರವರೆಗಿನ ಕೆಳಸ್ಥಾಯಿಯಲ್ಲಿ ಮ ಮತ್ತು ದ ಇಲ್ಲ. ವಾದ್ಯ ಕೆಟ್ಟಿದೆ ಎಂದುಕೊಳ್ಳಬೇಡಿ, ಅದರ ಜೋಡಣೆಯೇ ಹಾಗೆ.

ಮಗಳ ಪಾಠ ಮಾಯಾಮಾಳವಗೌಳ ರಾಗದಲ್ಲಿರುತ್ತದೆ. ಅದಕ್ಕೆ ಬೇಕಾದ ಶುದ್ಧ ರಿಷಭ, ಶುದ್ಧ ಧೈವತ ಇದರಲ್ಲಿ ನೇರವಾಗಿ ಸಿಗವು. 4 ಮತ್ತು 6ನ್ನು ಎಳೆಯುವಾಗ ಅರ್ಧ ಸ್ವರ ಕೆಳಕ್ಕೆ ಬೆಂಡ್ ಮಾಡಿದರೆ ಬರುತ್ತವೆ, ಆದರೆ ಅದು ಹೊಸಬರ ಕೆಲಸವಲ್ಲ. ಅದೇ ರಾಗ ಬೇಕೆಂದರೆ ಬಟನ್ ಇರುವ ಕ್ರೊಮ್ಯಾಟಿಕ್ (ನಡುವಿನ ಅರ್ಧ ಸ್ವರಗಳೂ ಸಿಗುವ ಮೌತ್ ಆರ್ಗನ್) ಕೊಳ್ಳಿ: ಸ ಊದುತ್ತಾ ಬಟನ್ ಒತ್ತಿದರೆ ಶುದ್ಧ ರಿ, ಪ ಊದುತ್ತಾ ಒತ್ತಿದರೆ ಶುದ್ಧ ದ.

ಅಲ್ಲಿಯವರೆಗೆ ಮೋಹನ ರಾಗ ಹಿಡಿಯಿರಿ. ಮ, ನಿ ಎರಡೂ ಇಲ್ಲದ್ದರಿಂದ 7ನೇ ತೂತಿನ ತೊಡಕು ತಾನಾಗಿ ತಪ್ಪುತ್ತದೆ. ಇನ್ನೊಂದು ಸ್ವಾರಸ್ಯವಿದೆ: 4 ಎಳೆದ ಸ್ವರವನ್ನೇ ‘ಸ’ ಎಂದಿಟ್ಟುಕೊಂಡು, ತಂಬೂರಿ ಆ್ಯಪನ್ನು ಡಿ ಶ್ರುತಿಗೆ ಹಾಕಿ, 8 ಎಳೆಯುವವರೆಗೆ ಅದೇ ಸಾಲಿನಲ್ಲಿ ಹೋದರೆ ಖರಹರಪ್ರಿಯ ರಾಗದ ಸ್ವರಗಳು ಸಿಗುತ್ತವೆ. ಗಮಕ (ಸ್ವರವನ್ನು ಮೇಲೆ ಕೆಳಗೆ ತೂಗಿಸುವುದು) ಮಾತ್ರ ಮಗಳ ಗಂಟಲಿನಲ್ಲೇ ಚೆನ್ನ. ಬೆಂಡ್ ಮಾಡಿದಾಗ ಸ್ವರ ಕೆಳಕ್ಕೆ ಬಾಗುತ್ತದೆಯೇ ಹೊರತು ಮೇಲಕ್ಕೇರುವುದಿಲ್ಲ.

ಪ್ರಶ್ನೆ: ತೊಳೆಯಬಹುದೇ? – ಓದುಗರು, ಬಳ್ಳಾರಿ

ಉತ್ತರ: ಮರದ ಬಾಡಿಯದನ್ನು ನೀರಿಗೆ ಹಾಕಲೇಬೇಡಿ. ಮಿಕ್ಕವಕ್ಕೂ ದಿನಾ ಅದು ಬೇಕಿಲ್ಲ. ನುಡಿಸುವ ಮೊದಲು ಬಾಯಿ ಮುಕ್ಕಳಿಸಿ, ಮುಗಿದ ಮೇಲೆ ತೂತುಗಳನ್ನು ಕೆಳಗೆ ಮಾಡಿ ಅಂಗೈಗೆ ನಾಲ್ಕೈದು ಸಲ ತಟ್ಟಿ, ಒರೆಸಿ, ತುಸು ಆರಿದ ಮೇಲೆ ಡಬ್ಬಿಗೆ ಹಾಕಿ. ಅಡಿಕೆ ಬಾಯಲ್ಲಿಟ್ಟುಕೊಂಡು ಮಾತ್ರ ನುಡಿಸಬೇಡಿ. ಒಂದು ಚೂರು ರೀಡಿನ ಸಂದಿಗೆ ಸಿಕ್ಕಿದರೂ ಆ ಸ್ವರ ಹೊರಡುವುದಿಲ್ಲ, ತೆಗೆಯಲು ಮೇಲಿನ ತಗಡು ಬಿಚ್ಚಲೇಬೇಕಾಗುತ್ತದೆ.