ಓದುಗರ ಪ್ರಶ್ನೆ, ಬಲ್ಲವರ ಉತ್ತರ: ಹಳೇ ಯುರೋಪಿನ ಬೋಲ್ಟ್ ಕೋವಿ ಕೊಳ್ಳುವಾಗ

ಪ್ರಶ್ನೆ: ಪಕ್ಕದ ತೋಟದವರು ಅಜ್ಜನ ಕಾಲದ ಮಾನ್‌ಲಿಖರ್-ಶೋನೌವರ್ ರೈಫಲ್ ಮಾರುತ್ತಿದ್ದಾರೆ. ಮೇಲೆ ‘1903’ ಎಂದು ಕೆತ್ತಿದೆ, ನೋಡಲು ಹೊಸದರಂತಿದೆ. ಕೊಳ್ಳುವ ಮುಂಚೆ ಏನೇನು ಪರೀಕ್ಷಿಸಬೇಕು?
– ಓದುಗರು, ಮಡಿಕೇರಿ

ಉತ್ತರ: 1903 ಎಂಬುದು ಮಾದರಿಯ ಹೆಸರು, ಅದೇ ವರ್ಷ ತಯಾರಾಗಿದೆ ಎಂದು ತಿಳಿಯಬೇಡಿ. ಆಸ್ಟ್ರಿಯಾದ ಸ್ಟೈರ್ ಕಾರ್ಖಾನೆಯ ಈ ಕೋವಿಗೆ 6.5x54 ತೋಟಾ (ಗುಂಡಿನ ಅಗಲ ಸುಮಾರು 6.5, ಹಿತ್ತಾಳೆ ಕವಚದ ಉದ್ದ ಸುಮಾರು 54 ಮಿಲಿಮೀಟರ್). 1905ರ ಮಾದರಿಗೆ 9x56, 1908ರದಕ್ಕೆ 8x56, 1910ರದಕ್ಕೆ 9.5x57. ಮೊದಲು ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ, ಹಿಂದೆಮುಂದೆ ಸರಿಯುವ ಉಕ್ಕಿನ ಭಾಗ) ತೆರೆದು ಕೋವಿ ಖಾಲಿ ಇದೆಯೆಂದು ಕಣ್ಣಲ್ಲೂ ಬೆರಳಲ್ಲೂ ಖಚಿತಮಾಡಿಕೊಳ್ಳಿ. ಬೋಲ್ಟಿನ ನಂಬರೂ ಕೋವಿಯ ನಂಬರೂ ಒಂದೇ ಇರಬೇಕು. ಬೇರೆ ಕೋವಿಯ ಬೋಲ್ಟ್ ಹಾಕಿದ್ದರೆ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿಗೂ ತೋಟಾ ಆತು ನಿಲ್ಲುವ ಜಾಗಕ್ಕೂ ನಡುವಿನ ಅಂತರ) ಅಳೆಸದೆ ಒಂದು ಗುಂಡೂ ಹಾರಿಸಬಾರದು.

ನಳಿಗೆಯನ್ನು ಎಣ್ಣೆ ಸಮೇತ ನೋಡಿ ಮೆಚ್ಚಬೇಡಿ, ಎಣ್ಣೆ ಗುಳಿಗಳನ್ನು ಮುಚ್ಚುತ್ತದೆ. ಬ್ರಶ್ ಆಡಿಸಿ, ಬಿಳಿ ಬಟ್ಟೆ ಚೊಕ್ಕಟವಾಗಿ ಹೊರಬರುವ ತನಕ ಒರೆಸಿ, ಆಮೇಲೆ ಬೋಲ್ಟ್ ತೆಗೆದು ಬೆಳಕಿಗೆ ಹಿಡಿಯಿರಿ. ಹಳೇ ತೋಟಾಗಳ ಕ್ಯಾಪಿನಲ್ಲಿ (ಮದ್ದು ಹೊತ್ತಿಸುವ ಬುಡದ ಬಿಲ್ಲೆಯಲ್ಲಿ) ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಹಾರಿಸಿದ ಮೇಲೆ ಉಳಿಯುವ ಉಪ್ಪು ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆಗೆ ಅದು ಕರಗುವುದಿಲ್ಲ, ಬಿಸಿನೀರೇ ಬೇಕು. ಕೊಡಗಿನ ಮಳೆಗಾಲದಲ್ಲಿ ನೀರು ಹಾಕಿ ತೊಳೆಯದೆ ಇಟ್ಟ ನಳಿಗೆಗಳೆಲ್ಲ ಹೀಗೇ ಹಾಳಾಗಿವೆ. ಒಳಗೆ ಸಣ್ಣಪುಟ್ಟ ಕಪ್ಪು ಚುಕ್ಕೆಗಳಿದ್ದರೆ ಪರವಾಗಿಲ್ಲ. ಚೇಂಬರ್ (ತೋಟಾ ಕೂರುವ ಗೂಡು) ಮುಂದಿನ ಎರಡು-ಮೂರು ಸೆಂಟಿಮೀಟರಿನಲ್ಲಿ ರೈಫ್ಲಿಂಗಿನ (ನಳಿಗೆಯೊಳಗಿನ ಸುರುಳಿ ಗೀರುಗಳ) ಅಂಚು ಸವೆದಿದ್ದರೆ, ಇಲ್ಲವೇ ನಳಿಗೆಯ ಬಾಯಿಯ ಅಂಚು ಒಂದೇ ಕಡೆ ತೇದುಹೋಗಿದ್ದರೆ ಗುರಿ ನಿಲ್ಲದು. ಮದ್ದಿಲ್ಲದ ಡಮ್ಮಿ ತೋಟಾದ ಗುಂಡನ್ನು ಬಾಯಿಗೆ ತುರುಕಿ ನೋಡಿ: ಹಿತ್ತಾಳೆಯ ತನಕ ಸಲೀಸಾಗಿ ಒಳಗಿಳಿದರೆ ನಳಿಗೆಯ ಬಾಯಿ ಸವೆದಿದೆ. ಒರಟು ಪರೀಕ್ಷೆಯೇ, ಆದರೂ ಸುಳ್ಳು ಹೇಳುವುದು ಕಡಿಮೆ.

ಈ ಕೋವಿಯ ಜೀವ ಅದರ ಸುತ್ತುವ ಮ್ಯಾಗಜೀನ್. ಐದು ಡಮ್ಮಿ ತೋಟಾ ತುಂಬಿ, ಬೋಲ್ಟ್ ಎಳೆದು ನೂಕಿ ಒಂದೊಂದಾಗಿ ಹೊರಹಾಕಿ. ಮತ್ತೆ ತುಂಬಿ, ಬೋಲ್ಟ್ ತೆರೆದಿರುವಾಗ ಬಲಬದಿಯ ಗುಂಡಿ ಒತ್ತಿದರೆ ಐದೂ ಪುಟಿದು ಹೊರಬರಬೇಕು. ಬಾರದಿದ್ದರೆ ಸ್ಪ್ರಿಂಗ್ ಸೋತಿದೆ ಅಥವಾ ಒಳಗೆ ಗಟ್ಟಿಯಾದ ಗ್ರೀಸ್ ಇದೆ. ಡಮ್ಮಿಯಲ್ಲಿ 160 ಗ್ರೇನ್ (ಸುಮಾರು 10.4 ಗ್ರಾಂ) ತೂಕದ ಉದ್ದನೆಯ ದುಂಡುಮೂತಿ ಗುಂಡು ಇರಲಿ. ಆ ಆಕಾರಕ್ಕೇ ಮ್ಯಾಗಜೀನ್ ಕಟ್ಟಿದ್ದು. ಗಿಡ್ಡ, ಚೂಪು ಗುಂಡು ಸಿಕ್ಕಿಬಿದ್ದರೆ ಕೋವಿಯ ತಪ್ಪಲ್ಲ.

ಎರಡು ಕುದುರೆ (ಟ್ರಿಗರ್) ಇದ್ದರೆ ಹಿಂದಿನದು ಸೆಟ್ ಮಾಡಲು, ಅಂದರೆ ಮುಂದಿನದನ್ನು ತೀರ ಹಗುರವಾಗಿಸಲು; ಮುಂದಿನದು ಹಾರಿಸಲು. ಖಾಲಿ ಕೋವಿಯಲ್ಲಿ ಸೆಟ್ ಮಾಡಿ ಹಿಡಿಯ ಹಿಂಬದಿಗೆ ಅಂಗೈಯಿಂದ ಒಂದೆರಡು ಏಟು ಕೊಡಿ. ಕುದುರೆ ಮುಟ್ಟದೆ ತಾನೇ ಬಿದ್ದರೆ ಒಳಗಿನ ಅಂಚು ಸವೆದಿದೆ, ಅಥವಾ ಎರಡು ಕುದುರೆಗಳ ನಡುವಿನ ಸ್ಕ್ರೂವನ್ನು ಯಾರೋ ಅತಿಯಾಗಿ ತಿರುಗಿಸಿದ್ದಾರೆ. ಕೊನೆಗೆ ಮರ ಬಿಚ್ಚಿಸಿ ನೋಡಿ. ಪೂರ್ತಿ ಮೂತಿಯವರೆಗೆ ಮರ ಇರುವ ಕೋವಿಯಲ್ಲಿ ಕೆಟ್ಟ ತುಕ್ಕು ಮರದಡಿಯಲ್ಲೇ ಇರುತ್ತದೆ. ಬಿಚ್ಚಲು ಒಪ್ಪದವರಿಂದ ಕೊಳ್ಳಬೇಡಿ.

ಕಾಗದಪತ್ರ: ಲೈಸೆನ್ಸ್ ಬೇಕಾದ ಕೋವಿಯನ್ನು ಖಾಸಗಿಯಾಗಿ ಮಾರುವವರು ಜಿಲ್ಲಾಧಿಕಾರಿಗೋ ಹತ್ತಿರದ ಠಾಣೆಗೋ ಲಿಖಿತವಾಗಿ ತಿಳಿಸಿ, 45 ದಿನ ಕಳೆದ ಮೇಲೆಯೇ ಕೈ ಬದಲಾಗಬೇಕು (1959ರ ಶಸ್ತ್ರಾಸ್ತ್ರ ಕಾಯ್ದೆ, 5ನೇ ಸೆಕ್ಷನ್). ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿ ಸದ್ಯ 2029ರ ತನಕ. ನಿಮಗೆ ಅದು ಅನ್ವಯಿಸಿದರೂ ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸದೆ ಮುಂಗಡ ಕೊಡಬೇಡಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಬೇಟೆಗಂತೂ ಇದನ್ನು ಹೊರತೆಗೆಯುವಂತಿಲ್ಲ.

ಪ್ರಶ್ನೆ: ನಮ್ಮ ಹಳೇ ಕೋವಿಯನ್ನು ‘8 ಎಂಎಂ ಮಾನ್‌ಲಿಖರ್’ ಅನ್ನುತ್ತಾರೆ. ಅಂಗಡಿಯ .315 ತೋಟಾ ಕೂಡ 8 ಎಂಎಂ ಮಾನ್‌ಲಿಖರ್ ಅಂತೆ. ಹಾಕಬಹುದೇ?
– ಓದುಗರು, ಸಕಲೇಶಪುರ

ಉತ್ತರ: ಖಂಡಿತ ಹಾಕಬೇಡಿ. .315 ಎಂದರೆ 8x50ಆರ್, ಬುಡದಲ್ಲಿ ಹೊರಚಾಚಿದ ಅಂಚಿರುವ ತೋಟಾ. 1908ರ ಮಾನ್‌ಲಿಖರ್-ಶೋನೌವರಿನ 8x56 ತೋಟಾಕ್ಕೆ ಆ ಅಂಚಿಲ್ಲ, ಬುಡದ ಸುತ್ತ ಗೀರು ಮಾತ್ರ. 8x56ಆರ್ ಎಂಬುದು ಸೈನ್ಯದ ಬೇರೊಂದು ತೋಟಾ, 8x57 ಜರ್ಮನಿಯ ಮಾಸರ್ ಕೋವಿಯದು. ನಾಲ್ಕನ್ನೂ ಜನ ‘8 ಎಂಎಂ’ ಅನ್ನುತ್ತಾರೆ, ಒಂದಕ್ಕೊಂದು ಬದಲಿಯಲ್ಲ. ಮಾತು ನಂಬದೆ ನಳಿಗೆಯ ಬುಡದ ಮುದ್ರೆ ಓದಿ. ಮುದ್ರೆ ಇಲ್ಲದಿದ್ದರೆ ಲೈಸೆನ್ಸ್ ಇರುವ ಕೋವಿ ಕೆಲಸದವರಿಂದ ಚೇಂಬರಿನ ಅಚ್ಚು ತೆಗೆಸಿ ಅಳೆಸಿ.

ಪ್ರಶ್ನೆ: ಇಲ್ಲಿ ಬೇಟೆ ಪರೀಕ್ಷೆ ಪಾಸಾಗಿದ್ದೇನೆ. 1920ರ ದಶಕದ ಮಾಸರ್ 98 ಬೇಟೆ ರೈಫಲ್ ಅಗ್ಗಕ್ಕೆ ಸಿಗುತ್ತಿದೆ, ‘8x57’ ಎಂದಷ್ಟೇ ಬರೆದಿದೆ. ಕೊಳ್ಳಲೇ?
– ಓದುಗರು, ಮ್ಯೂನಿಕ್

ಉತ್ತರ: 8x57 ನಳಿಗೆಯಲ್ಲಿ ಎರಡು ಬಗೆ, ಸಣ್ಣ ಗುಂಡಿನ ‘ಜೆ’ ಮತ್ತು ದಪ್ಪ ಗುಂಡಿನ ‘ಎಸ್’; ಅದು ಯಾವುದು ಎಂದು ತಿಳಿಯುವ ತನಕ ಬೇಡ. ಜೆ ಗುಂಡಿನ ವ್ಯಾಸ ಸುಮಾರು 8.07 ಮಿಲಿಮೀಟರ್, ಎಸ್ ಗುಂಡಿನದು 8.20. ತೋಟಾ ಎರಡಕ್ಕೂ ಒಂದೇ ಉದ್ದವಾದ್ದರಿಂದ ಎಸ್ ತೋಟಾ ಜೆ ಕೋವಿಯೊಳಗೆ ಕೂತುಬಿಡಬಹುದು. ಆಗ ದಪ್ಪ ಗುಂಡು ಸಣ್ಣ ನಳಿಗೆಗೆ ತೂರಿ ಒತ್ತಡ ಅಪಾಯಕ್ಕೇರುತ್ತದೆ. ಸೈನ್ಯ ಎಸ್ ಗುಂಡಿಗೆ ಹೋದ ಮೇಲೂ ಬೇಟೆ ಕೋವಿಗಳು ವರ್ಷಗಟ್ಟಲೆ ಜೆ ನಳಿಗೆಯಲ್ಲೇ ಬಂದವು. ಆ ದಶಕದ ಕೋವಿಯನ್ನು ಮೊದಲು ಜೆ ಎಂದೇ ಅನುಮಾನಿಸಿ.

ಮರ ಬಿಚ್ಚಿ ನಳಿಗೆಯ ಅಡಿ ನೋಡಿ. ಕಿರೀಟದ ಕೆಳಗೆ ‘ಎನ್’ ಇದ್ದರೆ ಹೊಗೆರಹಿತ ಮದ್ದಿಗೆ ಪರೀಕ್ಷೆಯಾಗಿದೆ. ‘4.29’ರಂಥ ಅಂಕಿ ಇದ್ದರೆ ಪರೀಕ್ಷೆಯ ತಿಂಗಳು ಮತ್ತು ವರ್ಷ. ಆದರೂ ಮುದ್ರೆಯೊಂದನ್ನೇ ನಂಬದೆ ಅಳೆಸಿ: ಎಣ್ಣೆ ಸವರಿದ ಮೆತ್ತನೆ ಸೀಸದ ಗುಂಡನ್ನು ನಳಿಗೆಯಲ್ಲಿ ತಳ್ಳಿ, ಗೀರುಗಳು ಮೂಡಿಸಿದ ಎದುರುಬದುರು ಉಬ್ಬುಗಳ ಅಗಲವನ್ನು ಮೈಕ್ರೋಮೀಟರಿನಲ್ಲಿ ಓದಬೇಕು. ಹಾರಿಸಿದ ಖಾಲಿ ತೋಟಾಗಳಿದ್ದರೆ ಕೇಳಿ ತೆಗೆದುಕೊಳ್ಳಿ. ಬುಡದಿಂದ ಸುಮಾರು ಒಂದು ಸೆಂಟಿಮೀಟರ್ ಮೇಲೆ ಹೊಳೆಯುವ ಉಂಗುರ ಕಂಡರೆ ಹೆಡ್‌ಸ್ಪೇಸ್ ಹೆಚ್ಚಾಗಿದೆ, ಹಿತ್ತಾಳೆ ಅಲ್ಲೇ ಹರಿಯುತ್ತದೆ. ನೋ-ಗೋ ಗೇಜನ್ನು (ಹೆಡ್‌ಸ್ಪೇಸ್ ಮಿತಿ ಮೀರಿದೆಯೇ ಎಂದು ತೋರಿಸುವ ಉಕ್ಕಿನ ಅಳತೆ ತುಂಡು) ಚೇಂಬರಿಗೆ ಹಾಕಿದಾಗ ಬೋಲ್ಟ್ ಪೂರ್ತಿ ಮುಚ್ಚಿಕೊಳ್ಳಬಾರದು. ಬೆರಳ ತುದಿಯ ಬಲ ಸಾಕು, ಒತ್ತಿ ಮುಚ್ಚಿಸಬೇಡಿ. ಸಂಶಯ ಉಳಿದರೆ ಸರ್ಕಾರಿ ಪರೀಕ್ಷಾ ಕಚೇರಿಗೆ ಕೊಡಿ. ಬೇಟೆ ಪರವಾನಗಿಯ ಮೇಲೆ ಕೊಂಡ ರೈಫಲನ್ನು ಎರಡು ವಾರದೊಳಗೆ ನೋಂದಾಯಿಸಲು ಮರೆಯಬೇಡಿ.

ಪ್ರಶ್ನೆ: ನಳಿಗೆಯ ನೀಲಿ ಬಣ್ಣ ಮಾಸಿದೆ. ಪಾಲಿಶ್ ಮಾಡಿಸಿ ಹೊಸ ಬಣ್ಣ ಹಾಕಿಸಲೇ?
– ಓದುಗರು, ಶಿವಮೊಗ್ಗ

ಉತ್ತರ: ಬೇಡ. ಪಾಲಿಶ್ ಚಕ್ರ ಮೊದಲು ತಿನ್ನುವುದೇ ಮುದ್ರೆ ಮತ್ತು ನಂಬರಿನ ಅಂಚುಗಳನ್ನು. ಮೂಲ ಬಣ್ಣ ಹೋದ ಕೋವಿಯ ಬೆಲೆ ಬೀಳುತ್ತದೆ, ಅಳಿಸಿದ ನಂಬರಿಗೆ ಕಾಯ್ದೆಯ ತೊಡಕೂ ಬರುತ್ತದೆ. ತುಕ್ಕಿದ್ದರೆ ಎಣ್ಣೆಯಲ್ಲಿ ನೆನೆಸಿ, ತೀರ ನಯವಾದ ಉಕ್ಕಿನ ಉಣ್ಣೆಯಿಂದ ಹಗುರವಾಗಿ ಉಜ್ಜಿ, ಒರೆಸಿ, ತೆಳುವಾಗಿ ಎಣ್ಣೆ ಸವರಿ ಇಡಿ. ಚರ್ಮದ ಚೀಲದಲ್ಲಿಟ್ಟರೆ ತೇವ ಹಿಡಿಯುತ್ತದೆ, ಚೀಲದಿಂದ ತೆಗೆದು ಬೀಗದ ಬೀರುವಿನಲ್ಲಿಡಿ.