ಅನುಭವವಿದ್ದರೂ ಅಂದಾಜು ತಪ್ಪುವುದೇಕೆ?

ಹಿಂದೆ ಹಲವು ಬಾರಿ ತಡವಾಗಿದ್ದರೂ ಪ್ರತಿ ಹೊಸ ಕೆಲಸಕ್ಕೂ ಕಡಿಮೆ ದಿನಗಳನ್ನೇ ಏಕೆ ಅಂದಾಜಿಸುತ್ತೇನೆ ಎಂದು ತಾವು ಕೇಳಿದ್ದೀರಿ. ಇದು ಸೋಮಾರಿತನವಲ್ಲ; ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿಯೇ ಈ ಪ್ರವೃತ್ತಿಯನ್ನು ಗುರುತಿಸಿದ್ದರು. ಅಂದಾಜು ಮಾಡುವಾಗ ಕೆಲಸದ ಹಂತಗಳನ್ನಷ್ಟೇ ಒಂದರ ಹಿಂದೊಂದರಂತೆ ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತೇವೆ. ಅಲ್ಲಿ ಜ್ವರವಾಗಲಿ, ಕೆಟ್ಟು ನಿಂತ ಕಂಪ್ಯೂಟರ್ ಆಗಲಿ, ವಾರವಾದರೂ ಉತ್ತರಿಸದ ಸಹೋದ್ಯೋಗಿಯಾಗಲಿ ಸುಳಿಯುವುದಿಲ್ಲ. ಹಳೆಯ ವಿಳಂಬಗಳಿಗಂತೂ ಏನಾದರೊಂದು ವಿಶೇಷ ಕಾರಣ ಹಚ್ಚಿ ಬದಿಗಿಟ್ಟಿರುತ್ತೇವೆ. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧಕ್ಕೆ ಸರಾಸರಿ ಸುಮಾರು 34 ದಿನ ಸಾಕೆಂದಿದ್ದರು, ಹಿಡಿದದ್ದು 55ಕ್ಕೂ ಹೆಚ್ಚು. ಎಲ್ಲವೂ ಕೈಕೊಟ್ಟರೆ ಎಷ್ಟಾದೀತೆಂದು ಅವರೇ ಊಹಿಸಿದ್ದ ದಿನಗಳೂ (ಇದೇ ನನಗೆ ಹೆಚ್ಚು ಅಚ್ಚರಿಯ ಸಂಗತಿ) ಅದಕ್ಕಿಂತ ಕಡಿಮೆಯಿದ್ದವು. ಆದ್ದರಿಂದ ಹಂತಗಳನ್ನು ಎಣಿಸುವ ಮೊದಲು, ಇಂಥದೇ ಹಿಂದಿನ ಕೆಲಸಗಳು ನಿಜವಾಗಿ ತೆಗೆದುಕೊಂಡ ದಿನಗಳನ್ನು ಬರೆದಿಟ್ಟು, ಅಲ್ಲಿಂದಲೇ ಲೆಕ್ಕ ಆರಂಭಿಸಿ.